ಮಿತಿ ಹಾಕಿಕೊಂಡು ಬಾಳಿದ ನಮ್ಮ ಭಾವ

ಧರ್ಮಬಂಧುಗಳಾದ ವಾಚಕರಲ್ಲಿ ಮೊದಲಿಗೇ ಒಂದು ಅರಿಕೆ. ಈ ಲೇಖನದಲ್ಲಿ ತೀರಿಕೊಂಡವರ ಹೆಸರು ಎಲ್ಲಿಯೂ ಬರುವುದಿಲ್ಲ, ಅವರ ಭಾವಚಿತ್ರವನ್ನೂ ಕಳಿಸಿಲ್ಲ. ಬದುಕಿರುವಾಗ ಅವರು ಯಾವ ಕಲ್ಲಿನ ಮೇಲೂ ಯಾವ ಪಾವತಿ ಪುಸ್ತಕದಲ್ಲೂ ತಮ್ಮ ಹೆಸರು ಬರೆಸಿದವರಲ್ಲ. ಕೊಟ್ಟದ್ದೆಲ್ಲ ಗುಪ್ತದಾನ. ಅವರು ತೀರಿಕೊಂಡು ವರ್ಷ ತುಂಬಿದ ಈ ಸಮಯದಲ್ಲಿ ನಾಲ್ಕು ಮಾತು ಬರೆಯಬೇಕೆಂದು ನಮ್ಮ ತಂಗಿಯನ್ನು ಕೇಳಿದಾಗ ಅವಳು, "ಬರಿ ಅಣ್ಣಾ, ಆದರ ಹೆಸರು ಹಾಕಬ್ಯಾಡ. ಅವರಿಗೆ ಸೇರತಿದ್ದಿಲ್ಲ" ಎಂದಳು. ಅವಳ ಮಾತನ್ನು ನಡೆಸಿದ್ದೇವೆ. ಹೆಸರು ಬೇಕಾಗುವುದು ಪತ್ರ ಹಾಕುವವರಿಗೆ. ನಡತೆ ತಿಳಿಯಬೇಕೆನ್ನುವವರಿಗೆ ಹೆಸರಿಲ್ಲದಿದ್ದರೂ ನಡೆಯುತ್ತದೆ.

ಅವರು ನಮ್ಮ ಸೋದರತ್ತೆಯ ಮಗ. ನಮಗಿಂತ ಆರು ತಿಂಗಳಿಗೆ ದೊಡ್ಡವರು, ಹಾಗಾಗಿ ಹುಟ್ಟಿದಾಗಿನಿಂದ ನಮಗೆ ಭಾವ. ಒಂದನೇ ಇಯತ್ತೆಯಿಂದ ಮ್ಯಾಟ್ರಿಕ್‌ವರೆಗೆ ಒಂದೇ ಶಾಲೆ, ಒಂದೇ ಸಾಲು. ಮುಂದೆ 1985ರಲ್ಲಿ ನಮ್ಮ ತಂಗಿಯ ಕೈ ಹಿಡಿದರು. ಬಂಧು, ಸಹಪಾಠಿ, ಮನೆಯ ಅಳಿಯ ಈ ಮೂರೂ ಒಬ್ಬರಲ್ಲೇ ಇದ್ದುದರಿಂದ, ಅವರು ಹೋದ ಮೇಲೆ ನಮಗೆ ಮೂವರನ್ನು ಕಳೆದುಕೊಂಡ ಹಾಗಾಗಿದೆ.

ಗಡಿ ಊರಿನ ಶಾಲೆ

ನಮ್ಮದು ಅಕ್ಕಲಕೋಟೆ ತಾಲೂಕು. ಸೊಲ್ಲಾಪುರದಿಂದ ಕಲಬುರ್ಗಿಗೆ ರೈಲಿನಲ್ಲಿ ಹೋಗುವವರು ಹೋಟಗಿ, ಅಕ್ಕಲಕೋಟೆ ರೋಡ್, ದುಧನಿ, ಗಾಣಗಾಪುರ ರೋಡ್ ಎಂಬ ನಿಲ್ದಾಣಗಳನ್ನು ಕಂಡಿರುತ್ತಾರೆ. ಆ ಪಟ್ಟಿಯಲ್ಲಿ ಪೇಟೆಯೆಂದರೆ ಜೋಳ, ತೊಗರಿ, ಕಡಲೆ. ಅಕ್ಕಲಕೋಟೆ ಮೊದಲು ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಏರ್ಪಟ್ಟಾಗ ನಾವು ಗಡಿಯ ಆಚೆಗೆ ಉಳಿದೆವು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ವರದಿ ಕೊಟ್ಟಿತು. ವರದಿ ವರದಿಯಾಗಿಯೇ ಉಳಿಯಿತು. ನಮ್ಮ ಹಿರಿಯರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಹೊಂದಿಸಿಕೊಂಡರು. ಭಾವನ ಅಜ್ಜನ ಕಾಲದ ಖಾತೆಗಳು ಮೋಡಿ ಲಿಪಿಯಲ್ಲಿವೆ. ಅಪ್ಪನ ಕಾಲಕ್ಕೆ ಅವು ಕನ್ನಡಕ್ಕೆ ಬಂದವು.

ನಾವು ಕಲಿತದ್ದು ಕನ್ನಡ ಶಾಲೆಯಲ್ಲಿ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಬರುತ್ತಿತ್ತು. ಮಹಾರಾಷ್ಟ್ರ ಸರಕಾರದ ಈ ಸಂಸ್ಥೆ 1967ರಲ್ಲಿ ಹುಟ್ಟಿತು, ಇಂದಿಗೂ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಆದರೆ ನಮ್ಮ ಊರಿಗೆ ಪುಸ್ತಕ ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತಿತ್ತು. ಭಾವ ಹಿಂದಿನ ವರ್ಷದವರ ಹಳೆಯ ಪುಸ್ತಕ ತಂದು, ಅಂಗಡಿಯ ಹಾಳು ಪಟ್ಟಿಗಳ ಹಿಂಬದಿಯಲ್ಲಿ ನಕಲು ಮಾಡಿ, ಒಂದು ಪ್ರತಿ ತಮಗೆ ಇಟ್ಟುಕೊಂಡು ಇನ್ನೊಂದು ನಮಗೆ ಕೊಡುತ್ತಿದ್ದರು. ಕಾಲು, ಅರೆ, ಮುಕ್ಕಾಲು ಮಗ್ಗಿಗಳು ಅವರಿಗೆ ಬಾಯಿಪಾಠ. 1976ರಲ್ಲಿ ಮ್ಯಾಟ್ರಿಕ್ ಆಯಿತು. ಗುಣಗಳು ನಮಗಿಂತ ಬಹಳ ಹೆಚ್ಚು ಬಂದಿದ್ದವು. ಆದರೂ ಅವರ ತಂದೆಗೆ ಕಣ್ಣು ಕಾಣದಂತಾಗಿ ಅಡತ್ ಅಂಗಡಿಯ ಗಾದಿಗೆ ಕೂಡುವವರು ಬೇಕಾಗಿತ್ತು. ಕಾಲೇಜಿನ ಮಾತು ಅಲ್ಲಿಗೇ ನಿಂತಿತು. ನಾವು ನಮ್ಮ ಬಟ್ಟೆ ಅಂಗಡಿಯಲ್ಲಿ ಕುಳಿತೆವು. ಎದುರುಬದುರು ಅಂಗಡಿ, ನಾಲ್ವತ್ತೆಂಟು ವರ್ಷ ಬೆಳಗಿನ ಮೊದಲ ಜಯಜಿನೇಂದ್ರ ಪರಸ್ಪರರಿಗೇ.

ಬರಗಾಲದ ಪಾಠ

ಅವರ ಸ್ವಭಾವದ ಬೇರು 1972ರ ಬರಗಾಲದಲ್ಲಿದೆ ಎಂದು ನಮ್ಮ ಎಣಿಕೆ. ಸೊಲ್ಲಾಪುರ ಜಿಲ್ಲೆಯಲ್ಲಿ ಅದನ್ನು ಕಂಡವರು ಮರೆಯಲಾರರು. ಬಾವಿಗಳು ತಳ ಕಂಡವು. ಒಕ್ಕಲಿಗರು, ಅವರ ಹೆಂಡಿರು ಮಕ್ಕಳು ಸರಕಾರದ ಕಾಮಗಾರಿಗಳಲ್ಲಿ ಖಡಿ ಒಡೆದರು. ಅಮೆರಿಕೆಯಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು. ನಮಗೆ ಆಗ ಹನ್ನೆರಡು ವರ್ಷ. ಭಾವನ ತಂದೆ ಆ ವರ್ಷ ಉದ್ರಿ ಕೊಟ್ಟ ಖಾತೆಯ ಕೆಳಗೆ ಗೆರೆ ಎಳೆದು ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದರು, ಯಾರನ್ನೂ ಕೇಳಲಿಲ್ಲ. ಎರಡು ವರ್ಷ ಬಿಟ್ಟು ಸುಗ್ಗಿ ಚೆನ್ನಾಗಿ ಬಂದಾಗ ಬಹಳಷ್ಟು ಜನ ತಾವಾಗಿಯೇ ಜೋಳದ ಚೀಲ ತಂದು ಇಳಿಸಿದರು. ಆಗ ಅಟ್ಟದಿಂದ ಪುಸ್ತಕ ಇಳಿಸಿ ಒಂದೊಂದೇ ಕಲಮು ಹೊಡೆದವರು ಭಾವ. ತಕ್ಕಡಿಯಲ್ಲಿ ತೂಗದ ವಸ್ತುವೂ ಒಂದಿದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ, ಗಾದಿಯ ಮೇಲೆ ಕುಳಿತು ಕಲಿತರು.

1981ರ ಯಾತ್ರೆ

1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿಯ ಪ್ರತಿಷ್ಠಾಪನೆಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕ. ನಮ್ಮ ಭಾಗದಿಂದ ಬಸ್ಸು ಮಾಡಿಕೊಂಡು ಐವತ್ತು ಜನ ಹೋದೆವು. ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂವು ಸುರಿಸಿದ್ದು, ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲ ಮೇಲೆ ಇರುವೆ ಸಾಲಿನಂತೆ ಜನ, ಹಾಲು ಅರಿಷಿಣ ಕೇಸರಿಯ ಧಾರೆ ಎಲ್ಲವನ್ನೂ ಹಿರಿಯ ವಾಚಕರು ನೋಡಿದ್ದೀರಿ. ನಮಗೆ ಆಗ ಇಪ್ಪತ್ತೊಂದು. ಮರಳಿ ಬರುವಾಗ ಬಸ್ಸಿನಲ್ಲಿ ಭಾವ ಹೆಚ್ಚು ಮಾತಾಡಲಿಲ್ಲ. ಊರಿಗೆ ಬಂದು ಎಂಟು ದಿನಕ್ಕೆ ಬಸದಿಯಲ್ಲಿ, ಆಗ ಬಂದಿದ್ದ ಮುನಿಮಹಾರಾಜರ ಎದುರಿಗೆ ಪರಿಗ್ರಹ ಪರಿಮಾಣ ಅಣುವ್ರತ ತೆಗೆದುಕೊಂಡರು.

ಪಂಚಾಣುವ್ರತಗಳಲ್ಲಿ ಇದು ಐದನೆಯದು. ಸಂಸಾರಸ್ಥನು ಎಲ್ಲವನ್ನೂ ಬಿಡಲಾರ. ತನಗೆ ಇಷ್ಟು ಸಾಕು ಎಂದು ಗೆರೆ ಎಳೆದುಕೊಳ್ಳಬಹುದು. ನಮ್ಮಲ್ಲಿ ಬಹಳ ಜನ ಈ ವ್ರತ ತೆಗೆದುಕೊಂಡಿದ್ದಾರೆ. ಆದರೆ ಇಂತಿಷ್ಟು ಸಾವಿರ, ಇಂತಿಷ್ಟು ಲಕ್ಷ ರೂಪಾಯಿ ಎಂದು ಮಿತಿ ಹಾಕುತ್ತಾರೆ. ಹತ್ತು ವರ್ಷಕ್ಕೆ ರೂಪಾಯಿಯ ಬೆಲೆ ಇಳಿದು ಲೆಕ್ಕ ತಪ್ಪುತ್ತದೆ. 1981ರಲ್ಲಿ ಹತ್ತು ಗ್ರಾಮ್ ಚಿನ್ನಕ್ಕೆ ಎರಡು ಸಾವಿರ ರೂಪಾಯಿಯೂ ಇರಲಿಲ್ಲ. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಭಾವ ವ್ಯಾಪಾರಸ್ಥರು, ಇದನ್ನು ಮೊದಲೇ ಯೋಚಿಸಿದ್ದರು. ಶಾಸ್ತ್ರದಲ್ಲಿ ಹೇಳಿದ ಹತ್ತು ಬಗೆಯ ಬಾಹ್ಯ ಪರಿಗ್ರಹಗಳನ್ನು ಒಂದರ ಕೆಳಗೊಂದು ಬರೆದು ಅವುಗಳ ಮುಂದೆ ವಸ್ತುಗಳನ್ನೇ ಬರೆದರು. ಮೇಲೆ ವೀರನಿರ್ವಾಣ ಸಂವತ್ 2507 ಎಂದಿದೆ. ಆ ಚೀಟಿಯನ್ನು ಇಲ್ಲಿ ತಿಳಿಸುವುದಕ್ಕೆ ತಂಗಿ ಒಪ್ಪಿದ್ದಾಳೆ.

ಕ್ಷೇತ್ರ: ಪಿತ್ರಾರ್ಜಿತ 14 ಎಕರೆ, ಹೊಸದಾಗಿ ಕೊಳ್ಳುವುದಿಲ್ಲ. ವಾಸ್ತು: ಒಂದು ಮನೆ, ಒಂದು ಅಂಗಡಿ, ಒಂದು ಗೋದಾಮು. ಹಿರಣ್ಯ: ಬೆಳ್ಳಿ ಎರಡು ಕಿಲೋ, ಅಂಗಡಿಯ ಬಂಡವಾಳ 300 ಕ್ವಿಂಟಲ್ ಮಾಲದಂಡಿ ಜೋಳದ ಪೇಟೆ ಬೆಲೆ. ಸುವರ್ಣ: 25 ತೊಲೆ. ಧನ: ಎತ್ತು ಎರಡು, ಎಮ್ಮೆ ಎರಡು. ಧಾನ್ಯ: ಮನೆಗೆ ಒಂದು ವರ್ಷದ್ದು. ದಾಸಿ, ದಾಸ: ಯಾರೂ ಇಲ್ಲ; ಕೆಲಸಕ್ಕೆ ಬರುವವರು ಕೂಲಿಯವರು. ಕುಪ್ಯ: ಧೋತರ, ಅಂಗಿ ನಾಲ್ಕು ಜೊತೆ. ಭಾಂಡ: ಈಗ ಇರುವ ಪಾತ್ರೆ.

ದಾಸ ಎಂಬ ಕಡೆ ಅವರು ಬರೆದುದನ್ನು ಗಮನಿಸಬೇಕು. ಜೀತಪದ್ಧತಿಯನ್ನು ನಿಲ್ಲಿಸುವ ಕಾಯದೆ 1976ರಲ್ಲಿ ಬಂದಿತ್ತು, ಆದರೆ ಹಳ್ಳಿಗಳಲ್ಲಿ ಸಾಲಕ್ಕೆ ಆಳಾಗಿ ಇರುವವರು ಇನ್ನೂ ಇದ್ದ ಕಾಲ ಅದು. ಬಂಡವಾಳವನ್ನು ಜೋಳದಲ್ಲಿ ಅಳೆದದ್ದೂ ಹಾಗೆಯೇ. ಮಾಲದಂಡಿ ನಮ್ಮ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದ ಹಿಂಗಾರಿ ತಳಿ, ನಮ್ಮ ಕಡೆಯ ನಿತ್ಯದ ರೊಟ್ಟಿ. ರೂಪಾಯಿ ಏರಲಿ ಇಳಿಯಲಿ, 300 ಕ್ವಿಂಟಲ್ ಜೋಳ 300 ಕ್ವಿಂಟಲ್ಲೇ.

ದೀಪಾವಳಿಯ ಲೆಕ್ಕ

ಪ್ರತಿ ವರ್ಷ ದೀಪಾವಳಿಯ ಬೆಳಗ್ಗೆ ಬಸದಿಯಲ್ಲಿ ಭಗವಾನ್ ಮಹಾವೀರರಿಗೆ ನಿರ್ವಾಣದ ಲಾಡು ಏರಿಸಿ ಬಂದು, ಹೊಸ ಖಾತೆಗೆ ಕುಂಕುಮ ಹಚ್ಚುವ ಮೊದಲು, ಚೀಟಿ ತೆಗೆದು ಲೆಕ್ಕ ಮಾಡುತ್ತಿದ್ದರು. ಆ ದಿನದ ಜೋಳದ ಧಾರಣೆ ಹಿಡಿದು ಬಂಡವಾಳ ಎಣಿಸುವುದು. ಮಿತಿಗಿಂತ ಹೆಚ್ಚಾದದ್ದು ಎರಡನೆಯ ಪುಸ್ತಕಕ್ಕೆ ಹೋಗುವುದು. ಆ ಪುಸ್ತಕದಲ್ಲಿ ನಾಲ್ಕೇ ಖಾತೆ: ಆಹಾರ, ಔಷಧ, ಶಾಸ್ತ್ರ, ಅಭಯ. ಕನ್ನಡ ಶಾಲೆಯ ಮಕ್ಕಳ ಪಾಟಿ ಪುಸ್ತಕ ಶಾಸ್ತ್ರದಾನದ ಕೆಳಗೆ; ಹಮಾಲನ ಕಣ್ಣಿನ ಆಪರೇಶನ್ ಔಷಧದ ಕೆಳಗೆ; ಬೇಸಿಗೆಯಲ್ಲಿ ದನಗಳಿಗೆ ಮೇವು ಅಭಯದ ಕೆಳಗೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವಳ ಆಶ್ರಯ ಪಡೆದ ರನ್ನ ಮುಧೋಳದ ಬಳೆಗಾರರ ಮನೆಯವನು, ವ್ಯಾಪಾರಸ್ಥರ ಮಗ. ಶಾಲೆಯ ಹುಡುಗನಿಗೆ ಒಂದು ಪುಸ್ತಕ ಕೊಟ್ಟರೂ ಅದೇ ದಾರಿಯ ದಾನ ಎಂಬುದು ಭಾವನ ತಿಳಿವಳಿಕೆ.

ಅಂಗಡಿಯಲ್ಲಿಯೂ ಅವರದು ಒಂದೇ ರೀತಿ. ಅಚೌರ್ಯ ವ್ರತಕ್ಕೆ ಕುಂದು ತರುವ ಐದು ಅತಿಚಾರಗಳಲ್ಲಿ ಎರಡು ನಮ್ಮಂಥ ವ್ಯಾಪಾರಸ್ಥರನ್ನೇ ಕುರಿತವು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಇಡುವುದು ಹೀನಾಧಿಕ ಮಾನೋನ್ಮಾನ. ಒಳ್ಳೆಯದರಲ್ಲಿ ಕೆಟ್ಟದ್ದು ಬೆರೆಸುವುದು ಪ್ರತಿರೂಪಕ ವ್ಯವಹಾರ. ಪೇಟೆಯಲ್ಲಿ ಚೀಲಕ್ಕೆ ಇಷ್ಟು ಎಂದು ಸೂಟು ಹಿಡಿಯುವುದು, ವಾನಗಿ ನೋಡುವ ನೆಪದಲ್ಲಿ ಬೊಗಸೆ ತುಂಬ ಕಾಳು ತೆಗೆಯುವುದು ರೂಢಿಯಲ್ಲಿತ್ತು. ಭಾವನ ಅಂಗಡಿಯಲ್ಲಿ ವಾನಗಿಯ ಕಾಳು ನೋಡಿದ ಮೇಲೆ ತಿರುಗಿ ಅದೇ ಚೀಲಕ್ಕೆ ಬೀಳುತ್ತಿತ್ತು.

ಭೂಕಂಪದ ಬೆಳಗು

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನವೆಂದು ಭಾವ ಉಪವಾಸವಿದ್ದರು. ಅದೇ ರಾತ್ರಿ ಊರೂರುಗಳಲ್ಲಿ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. 30ರ ನಸುಕಿನಲ್ಲಿ, ನಾಲ್ಕಕ್ಕೆ ಕೆಲವೇ ನಿಮಿಷ ಇರುವಾಗ ನೆಲ ನಡುಗಿತು. ನಮ್ಮಲ್ಲಿ ಪಾತ್ರೆಗಳು ಉರುಳಿದವು ಅಷ್ಟೆ. ಲಾತೂರ ಜಿಲ್ಲೆಯ ಕಿಲ್ಲಾರಿ, ಉಸ್ಮಾನಾಬಾದ ಜಿಲ್ಲೆಯ ಉಮರ್ಗಾ ಭಾಗದಲ್ಲಿ ಮಣ್ಣು ಕಲ್ಲಿನ ಗೋಡೆಗಳ ಕೆಳಗೆ ಸಾವಿರಾರು ಜನ ಮಲಗಿದಲ್ಲೇ ತೀರಿದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಿಳಿಯಿತು. ಪಾರಣೆಯ ತಾಟು ಮುಂದಿಟ್ಟಿದ್ದರು. ಭಾವ ನೀರು ಮಾತ್ರ ಕುಡಿದು ಎದ್ದು ಗೋದಾಮಿನ ಕದ ತೆಗೆದರು. ಟೆಂಪೋದಲ್ಲಿ ಜೋಳ, ಬೇಳೆ ಹೇರಿದರು. ನಾವು ನಮ್ಮ ಅಂಗಡಿಯಿಂದ ಸೊಲ್ಲಾಪುರ ಚಾದರದ ಗಂಟು ಹಾಕಿದೆವು. ನಳದುರ್ಗದ ಮೇಲಿಂದ ಉಮರ್ಗಾ ದಾರಿ ಹಿಡಿದೆವು. ಅಲ್ಲಿ ಕಂಡದ್ದನ್ನು ಬರೆಯುವ ಶಕ್ತಿ ನಮಗಿಲ್ಲ. ಆರು ದಿನ ಇದ್ದು ಮರಳಿದೆವು. ಕ್ಷಮಾವಣಿ ಆಗಲೇ ಕಳೆದಿತ್ತು. ಎರಡನೆಯ ಪುಸ್ತಕದಲ್ಲಿ ಆ ವರ್ಷ ಬರೆದದ್ದು "ಆಹಾರ: ಭೂಕಂಪ" ಎಂಬ ಎರಡೇ ಶಬ್ದ, ಮುಂದೆ ಚೀಲಗಳ ಸಂಖ್ಯೆ.

ತಂದೆ ಮಗನ ನಡುವೆ

ಇಷ್ಟು ಓದಿದವರು ಇಂಥ ಮನೆಯಲ್ಲಿ ಎಲ್ಲವೂ ಸುಗಮವಾಗಿತ್ತೆಂದು ತಿಳಿಯಬಾರದು. ಒಬ್ಬರು ಹಾಕಿಕೊಂಡ ಮಿತಿಯೊಳಗೆ ಮನೆಯ ಎಲ್ಲರೂ ಬಾಳಬೇಕಾಗುತ್ತದೆ. ಓಣಿಯಲ್ಲಿ ಸ್ಲ್ಯಾಬಿನ ಬಂಗಲೆಗಳು ಎದ್ದಾಗ ನಮ್ಮ ತಂಗಿ ಮಾಳಿಗೆ ಮನೆಯಲ್ಲೇ ಇದ್ದಳು. 2011ರಲ್ಲಿ ಮಗಳ ಮದುವೆಗೆ ಹದಿನಾಲ್ಕು ತೊಲೆ ಚಿನ್ನ ಹೋಯಿತು, ತಿರುಗಿ ಕೊಳ್ಳಲಿಲ್ಲ. ತಂಗಿ ಒಂದೆರಡು ಸಲ ನಮ್ಮ ಮುಂದೆ ಅತ್ತದ್ದೂ ಉಂಟು.

2014 ಮತ್ತು 2015 ಎರಡೂ ವರ್ಷ ಮಳೆ ಕೈಕೊಟ್ಟಿತು. 2015ರ ಆರಂಭದಲ್ಲಿ ತೊಗರಿ ಪೇಟೆಗೆ ಬಂದಾಗ, ಅಂಗಡಿಯಲ್ಲಿ ಕೂಡುತ್ತಿದ್ದ ಹಿರಿಯ ಮಗ, ಇನ್ನೊಂದು ಗೋದಾಮು ಬಾಡಿಗೆಗೆ ಹಿಡಿದು ಇನ್ನೂರು ಚೀಲ ತುಂಬಿಡೋಣ ಎಂದ. ಭಾವ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಸರಕಾರ ದಾಸ್ತಾನಿಗೆ ಮಿತಿ ಹಾಕಬೇಕಾಯಿತು. ಮಗನಿಗೆ ತಡೆಯಲಾಗಲಿಲ್ಲ. "ನಾವು ಬಿಟ್ಟರ ಬ್ಯಾರೆಯವರು ಹಿಡದರು. ಬ್ಯಾಳಿ ಏನು ಸೋವಿ ಆತೇನಪಾ?" ಎಂದು ನಮ್ಮ ಎದುರಿಗೇ ಕೇಳಿದ.

ಅವನ ಮಾತಿನಲ್ಲಿ ತೂಕವಿಲ್ಲವೆಂದು ನಾವು ಅನ್ನಲಾರೆವು. ಸುಗ್ಗಿಯಲ್ಲಿ ಬಂದ ಕಾಳನ್ನು ಮುಂದಿನ ಸುಗ್ಗಿಯವರೆಗೆ ಯಾರಾದರೂ ಇಟ್ಟುಕೊಳ್ಳಲೇ ಬೇಕು, ಅದಕ್ಕಾಗಿಯೇ ಪೇಟೆ ಇದೆ. ಭಾವನೂ ಅದನ್ನು ಅಲ್ಲಗಳೆಯಲಿಲ್ಲ. "ಇಟ್ಟು ಮಾರೂದು ವ್ಯಾಪಾರ. ಗಿರಾಕಿ ಬಂದು ನಿಂತಾಗ ಇಲ್ಲ ಅಂತ ಹೇಳಿ ಇಡೂದು ಬ್ಯಾರೆ. ಇನ್ನ ನನ್ನ ಚೀಟ್ಯಾಗ ಗೋದಾಮು ಒಂದ ಐತಿ" ಎಂದರು. ಮರುವರ್ಷ ಮಗ ಪುಣೆಗೆ ಹೋಗಿ ಸ್ವಂತ ವ್ಯಾಪಾರ ಮಾಡುವೆನೆಂದ. ಭಾವ ಎರಡು ಎಕರೆ ಹೊಲ ಮಾರಿ ಅವನ ಪಾಲೆಂದು ಕೊಟ್ಟರು. ಮಾತುಕತೆ ನಿಲ್ಲಲಿಲ್ಲ, ಆದರೆ ಹಬ್ಬಕ್ಕೆ ಬಂದರೂ ತಂದೆ ಮಗ ಅಂಗಡಿಯ ಮಾತು ಎತ್ತುತ್ತಿರಲಿಲ್ಲ. ಕಿರಿಯ ಮಗ ಗಾದಿಗೆ ಬಂದ.

ಭಾವನ ಅಪ್ಪ ನಾವು ಸಣ್ಣವರಿದ್ದಾಗ ಹೇಳುತ್ತಿದ್ದ ಶ್ಮಶ್ರುನವನೀತನ ಕಥೆ ಈ ಸಂದರ್ಭದಲ್ಲಿ ನಮಗೆ ನೆನಪಾಗುತ್ತಿತ್ತು. ಒಬ್ಬ ವ್ಯಾಪಾರಿ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನವೂ ಕೂಡಿಡುತ್ತ ಒಂದು ಗಡಿಗೆ ತುಪ್ಪ ಮಾಡಿಕೊಂಡ. ಚಳಿಗಾಲದ ಒಂದು ರಾತ್ರಿ ಹುಲ್ಲಿನ ಗುಡಿಸಲಲ್ಲಿ ಬೆಂಕಿ ಕಾಯಿಸುತ್ತ ಮಲಗಿ, ತುಪ್ಪ ಮಾರಿ ಸಾಮಂತನಾದೆ, ರಾಜನಾದೆ, ಚಕ್ರವರ್ತಿಯಾದೆ ಎಂದು ಕನಸು ಕಟ್ಟಿದ. ಕಾಲು ಒತ್ತುವ ರಾಣಿಯನ್ನು ಒದೆಯುವಂತೆ ಕಾಲು ಝಾಡಿಸಲು, ಗಡಿಗೆ ಬೆಂಕಿಗೆ ಬಿದ್ದು ಗುಡಿಸಲೊಂದಿಗೆ ತಾನೂ ಉರಿದುಹೋದ. ಕಥೆಯಲ್ಲಿ ತಪ್ಪು ತುಪ್ಪದ್ದಲ್ಲ, ಕೂಡಿಸಿದ್ದೂ ಅಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೋದದ್ದು.

ಚೀಟಿಯ ಮೇಲಿನ ಗೆರೆಗಳು

ಭಾವ ಮನೆಯಲ್ಲೇ, ಕಿವಿಯಲ್ಲಿ ಣಮೋಕಾರ ಕೇಳುತ್ತ ಪ್ರಾಣ ಬಿಟ್ಟರು. ಹೃದಯದ ಬೇನೆ. ಸೂತಕ ಕಳೆದ ಮೇಲೆ ಇಬ್ಬರು ಮಕ್ಕಳು, ಮಗಳು, ನಮ್ಮ ತಂಗಿ ಕೂಡಿ ಸೋದರಮಾವನಾದ ನಮ್ಮ ಎದುರಿಗೆ ಪೆಟ್ಟಿಗೆ ತೆಗೆದರು. ಚೀಟಿ ಇತ್ತು. ಸಂಖ್ಯೆಗಳನ್ನು ಹೊಡೆದು ತಿದ್ದಿದ್ದರು. 14 ಎಕರೆ 12 ಆಗಿತ್ತು. 25 ತೊಲೆ 11 ಆಗಿತ್ತು. ನಾಲ್ಕು ಜೊತೆ ಬಟ್ಟೆ ಮೂರಾಗಿತ್ತು. ಎತ್ತಿನ ಮುಂದೆ ಸೊನ್ನೆ. ನಾಲ್ವತ್ತು ವರ್ಷಕ್ಕೂ ಮಿಕ್ಕಿದ ತಿದ್ದುಪಡಿಯಲ್ಲಿ ಒಂದಾದರೂ ಮೇಲಕ್ಕೆ ಹೋಗಿರಲಿಲ್ಲ. ಹಿರಿಯ ಮಗ ಬಹಳ ಹೊತ್ತು ಆ ಕಾಗದ ಹಿಡಿದು ಕುಳಿತ. ಅವನಿಗಾಗಿ ಮಾರಿದ ಎರಡು ಎಕರೆಯನ್ನು ತಂದೆ ಮರಳಿ ಕೊಳ್ಳಬಹುದಾಗಿತ್ತು, ಮೊದಲಿನ ಮಿತಿ ಹದಿನಾಲ್ಕೇ ಇತ್ತು. ಕೊಟ್ಟ ಮೇಲೆ ಮಿತಿಯನ್ನೇ ಇಳಿಸಿದ್ದರು.

ಕಿರಿಯವನು ಕೇಳಿದ, "ಮಾಮಾ, ಈ ವ್ರತ ನಮ್ಮ ಮ್ಯಾಲೂ ಬರತೈತೇನು?" ನಾವು ಹೇಳಿದೆವು, ವ್ರತ ತೆಗೆದುಕೊಂಡವನದು, ಹೊಲ ಮನೆಯ ಹಾಗೆ ವಾರಸಿಗೆ ಬರುವುದಿಲ್ಲ. ನಿಮ್ಮಪ್ಪನೂ ಯಾರ ಮೇಲೂ ಹೇರಿದವರಲ್ಲ. ಆಮೇಲೆ ಎರಡನೆಯ ಪುಸ್ತಕ ತೆಗೆದರು. ಕೊನೆಯ ಪುಟದಲ್ಲಿ ಇನ್ನೂ ಮುಗಿಯದ ಕಲಮುಗಳಿದ್ದವು: ಮೂವರು ಹುಡುಗರ ಕಾಲೇಜು ಫೀ, ಪದವಿ ಮುಗಿಯುವವರೆಗೆ, ಒಬ್ಬ ಮುದುಕಿಯ ಔಷಧ, ಆಕೆ ಇರುವವರೆಗೆ. ಹಿರಿಯವನು ಅದನ್ನು ಓದಿ, "ವ್ರತ ಬರೂದಿಲ್ಲ ಖರೆ. ಇವು ಮಾತು ಕೊಟ್ಟದ್ದು. ಇವು ಸಾಲ. ಸಾಲ ಮಕ್ಕಳ ಮ್ಯಾಲೆ ಬರತೈತಿ" ಎಂದ. ಹತ್ತು ವರ್ಷದ ಹಿಂದೆ ತೊಗರಿಯ ಲೆಕ್ಕ ಕೇಳಿದವನೇ ಆ ಮಾತು ಆಡಿದ. ಅಣ್ಣ ತಮ್ಮಂದಿರು ಅರ್ಧರ್ಧ ಹಂಚಿಕೊಂಡರು. ಈ ವರ್ಷದ ಫೀ ಸಮಯಕ್ಕೆ ತುಂಬಿದ್ದಾರೆ.

ಕಿರಿಯವನು ಈಗ ಬೇಳೆ ಮಿಲ್ಲು ಹಾಕುವ ವಿಚಾರದಲ್ಲಿದ್ದಾನೆ. ಹಾಕಲಿ, ವ್ಯಾಪಾರ ಬೆಳೆಯಬೇಕು, ನಾಲ್ಕು ಜನಕ್ಕೆ ಕೆಲಸ ಸಿಗಬೇಕು, ನಮ್ಮ ಆಶೀರ್ವಾದವಿದೆ. ಅವನೂ ಈ ದೀಪಾವಳಿಗೆ ಒಂದು ಚೀಟಿ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆಂದು ತಂಗಿ ಹೇಳಿದಳು. ಅದರಲ್ಲಿ ಯಾವ ಸಂಖ್ಯೆ ಇದೆಯೋ ನಾವು ಕೇಳಿಲ್ಲ.

ಶಾಲೆಯವರಿಗೆ ಈಚೆಗೆ ವಿಷಯ ತಿಳಿದು, ಒಂದು ಕೋಣೆಗೆ ಭಾವನ ಹೆಸರಿನ ಕಲ್ಲು ಕೂಡಿಸುತ್ತೇವೆಂದು ಬಂದಿದ್ದರು. ತಂಗಿ ಕೈ ಮುಗಿದು ಬೇಡವೆಂದಳು. ಆ ಕಲ್ಲಿನ ಖರ್ಚಿನಲ್ಲಿ ಮಕ್ಕಳಿಗೆ ಕನ್ನಡ ನಿಘಂಟು ತರಿಸಿರೆಂದಳು. ನಿಘಂಟುಗಳು ಬಂದಿವೆ.

ವಾಚಕ ಬಂಧುಗಳೇ, ನಾವು ಮ್ಯಾಟ್ರಿಕ್ ಓದಿದ ಬಟ್ಟೆ ವ್ಯಾಪಾರಿ, ಉಪದೇಶ ಮಾಡುವ ಯೋಗ್ಯತೆ ನಮ್ಮದಲ್ಲ. ಒಂದು ಸೂಚನೆ ಮಾತ್ರ. ಹೊಸ ಖಾತೆ ತೆಗೆಯುವ ದಿನ ಮನೆಯವರೆಲ್ಲ ಕೂಡಿ ಆ ಹತ್ತು ಶಬ್ದಗಳನ್ನು ಒಂದು ಕಾಗದದ ಮೇಲೆ ಬರೆಯಿರಿ. ಮುಂದೆ ನಿಮ್ಮ ಮನಸ್ಸಿಗೆ ಸರಿ ಕಂಡ ಸಂಖ್ಯೆ ಹಾಕಿರಿ, ದೊಡ್ಡದಾದರೂ ಅಡ್ಡಿಯಿಲ್ಲ. ಹೆಂಡತಿ ಮಕ್ಕಳನ್ನು ಕೇಳಿ ಹಾಕಿರಿ. ಇದು ನಮ್ಮ ತಂಗಿಯ ಮಾತು, ಅನುಭವದಿಂದ ಬಂದದ್ದು. ವರ್ಷಕ್ಕೊಮ್ಮೆ ತೆಗೆದು ನೋಡಿರಿ. ಸರಕಿನ ದಾಸ್ತಾನು ವರ್ಷಾ ಎಣಿಸುತ್ತೇವೆ, ನಮ್ಮದನ್ನು ಎಣಿಸುವುದು ಕಷ್ಟವೇನಲ್ಲ.

ನಮ್ಮ ಸಹಪಾಠಿಯೂ ಬಂಧುವೂ ಆದ ಆ ಜೀವಕ್ಕೆ ಸದ್ಗತಿ ದೊರೆಯಲೆಂದು ಜಿನೇಂದ್ರ ಭಗವಾನರಲ್ಲಿ ಪ್ರಾರ್ಥಿಸುತ್ತೇವೆ.